ಹಿಮದೂರಿಗೆ ವ್ಯಾನಿನಲ್ಲಿ: ತೇವದ ಲೆಕ್ಕಾಚಾರ

ಶಿವಮೊಗ್ಗದಲ್ಲಿ ಪ್ರವಾಸಾಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ

ತೇವ ಅಂದರೇನು ಅಂತ ಇಲ್ಲಿ ಕೂತಿರುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಷಾಢದಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುವುದು, ಚರ್ಮದ ಬೆಲ್ಟು ಹಸಿರಾಗುವುದು, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಕೊನೆಗೆ ಬಚ್ಚಲೊಲೆಯ ಮೇಲಿನ ಗಳಕ್ಕೆ ಹೋಗುವುದು, ಎಲ್ಲ ನಿಮಗೆ ಗೊತ್ತು. ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ಕ್ಯಾಂಪರ್‌ವ್ಯಾನ್, ಅಂದರೆ ಹಾಸಿಗೆ, ಅಡುಗೆ ಒಲೆ ಒಳಗೇ ಇರುವ ವ್ಯಾನ್, ಓಡಿಸುವ ವಿಷಯ ಕೇಳಲು ಬಂದರೆ ಇವರೇನು ಬೂಷ್ಟಿನ ಪುರಾಣ ತೆಗೆದರು ಅನ್ನಬೇಡಿ. ಚಳಿಗಾಲದಲ್ಲಿ ಒಂದು ಸ್ಕೀ ಊರಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಹೋಗುವವರು ಮೊದಲು ಹೆದರುವುದು ಚಳಿಗೆ. ಚಳಿಗೆ ಹೀಟರ್ ಇದೆ, ಗುಂಡಿ ಒತ್ತಿದರೆ ಅರ್ಧ ಗಂಟೆಯಲ್ಲಿ ಬೆಚ್ಚಗಾಗುತ್ತದೆ. ಪ್ರವಾಸ ಕೆಡಿಸುವುದು ನೀರು. ಉಸಿರಿನ ಆವಿ, ಪೈಪಿನಲ್ಲಿ ಹೆಪ್ಪುಗಟ್ಟಿದ ನೀರು, ಒದ್ದೆ ಬೂಟು, ಬ್ರೇಕಿನಲ್ಲಿ ಸಿಕ್ಕಿಕೊಂಡ ಮಂಜು, ಛಾವಣಿಯ ಮೇಲೆ ಕೂತ ಹಿಮ. ಇವತ್ತಿನ ಮಾತೆಲ್ಲ ಹೆಚ್ಚುಕಡಿಮೆ ಈ ನೀರಿನ ಸುತ್ತಲೇ.

ವ್ಯಾನ್ ಹಿಡಿಯುವುದರಿಂದ ಶುರು ಮಾಡೋಣ. ಜರ್ಮನಿಯ ಮ್ಯೂನಿಕ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಸುತ್ತುವುದು ಎಲ್ಲಕ್ಕಿಂತ ಸುಲಭ. ಷೆಂಗೆನ್ ವೀಸಾ, ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅದರ ಜೊತೆ ಮೂಲ ಲೈಸೆನ್ಸ್. ಪರ್ಮಿಟ್ ಒಂದೇ ಇದ್ದರೆ ಸಾಲದು, ಎರಡೂ ಕೈಯಲ್ಲಿರಬೇಕು. ವ್ಯಾನಿನ ಒಟ್ಟು ತೂಕದ ಮಿತಿ 3.5 ಟನ್ ದಾಟದಂತೆ ನೋಡಿಕೊಳ್ಳಿ. ದಾಟಿದರೆ ಲೈಸೆನ್ಸಿನ ವರ್ಗವೂ ಬೇರೆ, ಟೋಲ್ ಪದ್ಧತಿಯೂ ಬೇರೆ.

ಬಾಡಿಗೆ ಕೊಡುವವರನ್ನು ‘ಚಳಿಗಾಲಕ್ಕೆ ಆಗುತ್ತಾ?’ ಅಂತ ಕೇಳಿದರೆ ಆಗುತ್ತೆ ಅಂತಲೇ ಹೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಯುರೋಪಿನ ಇಎನ್ 1646 ಮಾನದಂಡದಲ್ಲಿ ಈ ವ್ಯಾನ್ ಗ್ರೇಡ್ 2ರದೋ, ಗ್ರೇಡ್ 3ರದೋ? ಹೊರಗೆ ಸೊನ್ನೆ ಡಿಗ್ರಿ ಇದ್ದಾಗ ಒಳಗೆ 20 ಡಿಗ್ರಿ ತರಬಲ್ಲದ್ದು ಗ್ರೇಡ್ 2. ಹೊರಗೆ ಮೈನಸ್ 15 ಇದ್ದರೂ ಒಳಗೆ 20 ತಂದು, ನಲ್ಲಿಯಲ್ಲೂ ನೀರು ಬರುವಂತೆ ಮಾಡುವುದು ಗ್ರೇಡ್ 3. ಜರ್ಮನಿಯಲ್ಲಿ ಮೊದಲನೆಯದಕ್ಕೆ ‘ವಿಂಟರ್‌ಟೌಗ್ಲಿಷ್’ ಅನ್ನುತ್ತಾರೆ, ಎರಡನೆಯದಕ್ಕೆ ‘ವಿಂಟರ್‌ಫೆಸ್ಟ್’. ಶಬ್ದ ಹತ್ತಿರ ಹತ್ತಿರ, ಅರ್ಥದ ನಡುವೆ ಒಂದು ಒಡೆದ ಪೈಪಿನಷ್ಟು ದೂರ. ವ್ಯಾನಿನ ಕೆಳಗೆ ಬಗ್ಗಿ ನೋಡಿ. ಕೊಳೆನೀರಿನ ಟ್ಯಾಂಕ್ ಹೊದಿಕೆಯಿಲ್ಲದೆ ತೂಗಾಡುತ್ತಿದ್ದರೆ ಅದು ಹೆಪ್ಪುಗಟ್ಟುತ್ತದೆ. ಅದಕ್ಕೆ ಹೊದಿಕೆಯೂ ಬಿಸಿ ಮಾಡುವ ವ್ಯವಸ್ಥೆಯೂ ಇದ್ದರೆ ಒಳ್ಳೆಯ ಲಕ್ಷಣ.

ಇನ್ನು ಹೀಟರ್. ಗ್ಯಾಸಿನದು, ಡೀಸೆಲ್ಲಿನದು ಅಂತ ಎರಡು ಬಗೆ. ಗ್ಯಾಸಿನ ವಿಷಯ ನಮ್ಮ ಅಡುಗೆಮನೆಯಿಂದಲೇ ಅರ್ಥವಾಗುತ್ತದೆ. ಸಿಲಿಂಡರ್ ಮುಗಿಯುತ್ತಾ ಬಂದಾಗ ಅದನ್ನು ಬಿಸಿನೀರಿನ ಬೋಗುಣಿಯಲ್ಲಿ ಇಡುವವರನ್ನು ನೋಡಿದ್ದೀರಲ್ಲ? ಅದು ಒಳ್ಳೆಯ ಅಭ್ಯಾಸವಲ್ಲ, ಆದರೆ ಅದರ ಹಿಂದೆ ಕಾರಣ ಇದೆ. ನಮ್ಮ ಎಲ್‌ಪಿಜಿಯಲ್ಲಿ ಬ್ಯುಟೇನ್, ಪ್ರೊಪೇನ್ ಎರಡೂ ಬೆರೆತಿರುತ್ತವೆ. ಬ್ಯುಟೇನ್ ಕುದಿದು ಅನಿಲವಾಗುವುದು ಮೈನಸ್ 0.5 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದರೆ ಸಿಲಿಂಡರ್ ತುಂಬಿದ್ದರೂ ಬ್ಯುಟೇನ್ ದ್ರವವಾಗಿಯೇ ಕೂರುತ್ತದೆ, ಒಲೆಗೆ ಬರುವುದಿಲ್ಲ. ಪ್ರೊಪೇನ್ ಮೈನಸ್ 42ರಲ್ಲೂ ಆವಿಯಾಗುತ್ತದೆ. ಹಾಗಾಗಿ ಆಲ್ಪ್ಸ್‌ನಲ್ಲಿ ಶುದ್ಧ ಪ್ರೊಪೇನ್ ಮಾತ್ರ. ಜರ್ಮನಿಯ 11 ಕಿಲೋ ಸಿಲಿಂಡರನ್ನು ಆಸ್ಟ್ರಿಯಾ ಅಥವಾ ಸ್ವಿಟ್ಜರ್ಲೆಂಡಿನಲ್ಲಿ ಕೊಟ್ಟು ಬದಲಿಸಿಕೊಳ್ಳಬಹುದು ಅಂತ ಲೆಕ್ಕ ಹಾಕಬೇಡಿ. ದೇಶ ದಾಟಿದರೆ ಸಿಲಿಂಡರ್ ಬೇರೆ, ಕೆಲವು ಕಡೆ ಜೋಡಿಸುವ ತಿರುಪೂ ಬೇರೆ. ಎಷ್ಟು ದಿನ ಬರುತ್ತದೆ? ಒಂದು ಕಿಲೋ ಗ್ಯಾಸಿನಲ್ಲಿ 12.8 ಯೂನಿಟ್ ಶಾಖ ಇದೆ. 11 ಕಿಲೋಗೆ 140 ಯೂನಿಟ್. ಹೀಟರ್ ಸರಾಸರಿ 2 ಕಿಲೋವ್ಯಾಟ್ ಎಳೆದರೆ 70 ಗಂಟೆ, ಅಂದರೆ ಮೂರು ದಿನ. ವಾರದ ಪ್ರವಾಸಕ್ಕೆ ಎರಡು ತುಂಬಿದ ಸಿಲಿಂಡರ್ ಇದ್ದರೂ ಕೊನೆಯ ರಾತ್ರಿ ಬಿಗಿಯೇ. ಗ್ಯಾಸ್ ಮುಗಿಯುವುದು ಯಾವಾಗಲೂ ಬೆಳಗಿನ ಜಾವ ಮೂರಕ್ಕೆ ಅನ್ನುವುದು ವ್ಯಾನಿನವರ ಗಾದೆ. ಎರಡು ಸಿಲಿಂಡರ್ ನಡುವೆ ತಾನೇ ಬದಲಾಗುವ ರೆಗ್ಯುಲೇಟರ್ ಇದ್ದರೆ ನಿದ್ದೆ ಉಳಿಯುತ್ತದೆ.

ಡೀಸೆಲ್ ಹೀಟರ್ ಆದರೆ ಈ ಸಿಲಿಂಡರ್ ಸಾಹಸ ಇಲ್ಲ, ವಾಹನದ ಟ್ಯಾಂಕಿನಿಂದಲೇ ಕುಡಿಯುತ್ತದೆ. ಲೀಟರ್ ಡೀಸೆಲ್‌ಗೆ ಸುಮಾರು 10 ಯೂನಿಟ್ ಶಾಖ. ತಕರಾರು ಎತ್ತರದ್ದು. 1,500 ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗುತ್ತದೆ, ಪಂಪ್ ಮಾತ್ರ ಅಷ್ಟೇ ಡೀಸೆಲ್ ತಳ್ಳುತ್ತಿರುತ್ತದೆ, ಒಳಗೆ ಮಸಿ ಕಟ್ಟುತ್ತದೆ. ಎತ್ತರಕ್ಕೆ ತಕ್ಕಂತೆ ಇಂಧನ ಕಡಿಮೆ ಮಾಡುವ ಸಾಧನ ಅದರಲ್ಲಿದೆಯೇ ಅಂತ ಕೇಳಿ. ಇಲ್ಲದಿದ್ದರೆ ಮಂದ ಉರಿಯಲ್ಲಿ ದಿನವಿಡೀ ಬಿಡಬೇಡಿ, ಆಗಾಗ ಪೂರ್ತಿ ಉರಿಯಲ್ಲಿ ಓಡಿಸಿ ಮಸಿ ಸುಡಲು ಬಿಡಿ.

ಈಗ ತೇವಕ್ಕೆ ಬರೋಣ. ಆಗುಂಬೆಯ ಜುಲೈಯಲ್ಲಿ ಕಿಟಕಿ ತೆರೆದರೆ ಏನಾಗುತ್ತದೆ? ಹೊರಗಿನ ತೇವ ಒಳಗೆ ಬರುತ್ತದೆ. ಆ ಗಾಳಿಯ ಪ್ರತಿ ಘನ ಮೀಟರಿನಲ್ಲೂ ಸುಮಾರು 20 ಗ್ರಾಂ ನೀರಿರುತ್ತದೆ. ಅದಕ್ಕೇ ಮಳೆಗಾಲದಲ್ಲಿ ನಮ್ಮಲ್ಲಿ ಬಾಗಿಲು ಹಾಕಿ ಒಲೆ ಹಚ್ಚುವುದು. ಆಲ್ಪ್ಸ್‌ನಲ್ಲಿ ಈ ಬುದ್ಧಿ ಉಲ್ಟಾ ಹೊಡೆಯುತ್ತದೆ. ಮೈನಸ್ 10 ಡಿಗ್ರಿಯ ಗಾಳಿ ಎಷ್ಟೇ ಮಂಜು ಕವಿದಂತೆ ಕಂಡರೂ ಅದರಲ್ಲಿ ಇರಬಲ್ಲ ನೀರು ಘನ ಮೀಟರಿಗೆ 2 ಗ್ರಾಂ ಆಸುಪಾಸು. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಕಾದರೆ 17 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ. ಒಣ ಬಟ್ಟೆ ನೀರು ಹೀರಿದ ಹಾಗೆ ಒಳಗಿನ ತೇವವನ್ನೆಲ್ಲ ಹೀರಿಕೊಂಡು ಅದು ಹೊರಗೆ ಹೋಗುತ್ತದೆ. ಚಳಿ ಅಂತ ಎಲ್ಲ ಬಿಗಿಯಾಗಿ ಮುಚ್ಚಿ ಮಲಗಿದವರೇ ಬೆಳಿಗ್ಗೆ ಒದ್ದೆ ಹಾಸಿಗೆಯಲ್ಲಿ ಏಳುವುದು.

ಲೆಕ್ಕ ನೋಡಿ. ಮಲಗಿದ ಮನುಷ್ಯ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಉಸಿರು, ಬೆವರಿನಲ್ಲಿ ಬಿಡುತ್ತಾನೆ. ಇಬ್ಬರು, ಎಂಟು ಗಂಟೆ: 640 ಗ್ರಾಂ. ವ್ಯಾನಿನೊಳಗಿನ ಗಾಳಿ 12 ಘನ ಮೀಟರ್ ಅಂದುಕೊಂಡರೂ 20 ಡಿಗ್ರಿಯಲ್ಲಿ ಅದು ಹೆಚ್ಚೆಂದರೆ 200 ಗ್ರಾಂ ಹಿಡಿದೀತು. ಉಳಿದದ್ದು ಎಲ್ಲಿಗೆ ಹೋಗಬೇಕು? ಮುಂದಿನ ಗಾಜಿಗೆ, ಬಾಗಿಲಿನ ತಗಡಿಗೆ, ಹಾಸಿಗೆಯ ಅಡಿಗೆ. ಅಡುಗೆ ಸೇರಿಸಿ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಬೆಂಕಿಯಿಂದ ನೀರು ಹುಟ್ಟುತ್ತದೆ ಅಂದರೆ ನಂಬುವುದು ಕಷ್ಟ, ಆದರೆ ರಸಾಯನಶಾಸ್ತ್ರ ಹೇಳುವುದು ಅದೇ. ವ್ಯಾನಿನ ಹೀಟರ್ ತನ್ನ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಬಿಡುತ್ತದೆ, ಅಡುಗೆ ಸ್ಟವ್ ಎಲ್ಲವನ್ನೂ ಒಳಗೇ ಬಿಡುತ್ತದೆ. ಸ್ಟವ್ ಹಚ್ಚಿ ವ್ಯಾನ್ ಬೆಚ್ಚಗೆ ಮಾಡಿಕೊಳ್ಳುವುದು ಅದಕ್ಕೇ ದಡ್ಡತನ. ಅಡುಗೆಯ ಮಾತು ಬಂದಿದ್ದರಿಂದ ಹೇಳುತ್ತೇನೆ, ಪುಟ್ಟ ಕುಕ್ಕರ್ ಒಂದನ್ನು ಊರಿಂದಲೇ ಒಯ್ಯಿರಿ. 1,800 ಮೀಟರ್ ಎತ್ತರದಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿಟ್ಟ ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರಿನಲ್ಲಿ ಗ್ಯಾಸೂ ಉಳಿತಾಯ, ಆವಿಯೂ ಕಡಿಮೆ. ಸೀಟಿಯ ಹೊತ್ತಿಗೆ ಛಾವಣಿಯ ಕಿಂಡಿ ತೆರೆದರಾಯಿತು.

ಮಾಡಬೇಕಾದ್ದು ಇಷ್ಟು: ಹೀಟರ್ ಉರಿಯುತ್ತಿರುವಾಗಲೇ ಛಾವಣಿಯ ಕಿಂಡಿಯನ್ನು ಬೆರಳಗಲ ತೆರೆದಿಡಿ, ರಾತ್ರಿಯಿಡೀ. ಬೆಳಿಗ್ಗೆ, ಅಡುಗೆಯ ನಂತರ, ಮಲಗುವ ಮುನ್ನ ಎಲ್ಲ ಕಿಟಕಿ ಬಾಗಿಲು ಐದು ನಿಮಿಷ ಪೂರ್ತಿ ತೆರೆದು ಮತ್ತೆ ಹಾಕಿ. ಜರ್ಮನ್ನರು ಇದಕ್ಕೆ ‘ಸ್ಟೋಸ್‌ಲ್ಯುಫ್ಟನ್’ ಅನ್ನುತ್ತಾರೆ, ಮನೆಯಲ್ಲೂ ಮಾಡುತ್ತಾರೆ. ಐದು ನಿಮಿಷದಲ್ಲಿ ಗಾಳಿ ಬದಲಾಗುತ್ತದೆ, ಗೋಡೆ, ಹಾಸಿಗೆಗಳ ಬಿಸಿ ಹಾಗೇ ಉಳಿಯುತ್ತದೆ. ಡ್ರೈವರ್ ಮುಂದಿನ ಗಾಜಿಗೆ ಹೊದಿಕೆಯನ್ನು ಹೊರಗಿನಿಂದ ಹಾಕಿ. ಒಳಗಿನಿಂದ ಹಾಕಿದರೆ ಗಾಜು ತಣ್ಣಗೇ ಉಳಿದು ಹೊದಿಕೆಯ ಹಿಂದೆ ನೀರು ಇಳಿಯುತ್ತದೆ, ಬೆಳಿಗ್ಗೆ ಅದು ಮಂಜುಗಡ್ಡೆ. ಹಾಸಿಗೆಯನ್ನು ಹಗಲು ಎತ್ತಿ ಗೋಡೆಗೆ ಒರಗಿಸಿ, ಅಡಿಗೆ ಗಾಳಿ ಆಡಲಿ.

ಸಂಜೆ ನಾಲ್ಕೂವರೆಗೆ ಸ್ಕೀ ಇಳಿಜಾರಿನಿಂದ ಬಂದವರ ಮೈಮೇಲೆ ಎಷ್ಟು ಹಿಮ ಇರುತ್ತದೋ ಅಷ್ಟೂ ಒಳಗೆ ಕರಗಿ ನೀರಾಗುವುದೇ. ಬಾಗಿಲಲ್ಲಿ ಒಂದು ಗಡುಸು ಬ್ರಷ್ ಇಟ್ಟುಕೊಂಡು, ನಮ್ಮಲ್ಲಿ ಜಗಲಿಯ ಹೊರಗೆ ಕಂಬಳಿಕೊಪ್ಪೆ ಕೊಡವಿ ಒಳಗೆ ಬರುತ್ತೇವಲ್ಲ, ಹಾಗೆ ಕೊಡವಿ ಬನ್ನಿ. ಜಾಕೆಟ್ಟು, ಪ್ಯಾಂಟು ವ್ಯಾನಿನ ಸ್ನಾನದ ಗೂಡಿಗೆ. ಹೀಟರಿನ ಒಂದು ಕೊಳವೆ ಅಲ್ಲಿಗೂ ಬರುತ್ತದೆ, ಮೇಲೆ ಕಿಂಡಿ ಇರುತ್ತದೆ. ಬಾಗಿಲು ಹಾಕಿ ಕಿಂಡಿ ತೆರೆದರೆ ಅದೇ ನಿಮ್ಮ ಬಚ್ಚಲೊಲೆಯ ಅಟ್ಟ. ಸ್ಕೀ ಬೂಟಿನ ಒಳಪದರವನ್ನು ಬೇರೆ ತೆಗೆದು ಬಿಸಿಗಾಳಿ ಬರುವ ತೂತಿನ ಹತ್ತಿರ ಇಡಿ. ಹೊರಕವಚವನ್ನು ಹೊರಗೆ ಚಳಿಯಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಸೆಟೆದು ಬೆಳಿಗ್ಗೆ ಕಾಲು ಒಳಗೆ ಹೋಗುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ನಮ್ಮಲ್ಲಿ ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಕೋಣೆಯಲ್ಲಿ ಇಡುವ ರೂಢಿ ಇದೆ. ಹೆಂಚಿನ ಸಂದಿಯಲ್ಲಿ ಹೊಗೆ ಹೋಗುವ ಮನೆಗಳಲ್ಲಿ ಅದು ನಡೆಯಿತು. ವ್ಯಾನಿನಲ್ಲಿ ಅದು ಸಾವು. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಏಳಲೇ ಇಲ್ಲ ಅನ್ನುವ ಸುದ್ದಿ ಉತ್ತರ ಭಾರತದಿಂದ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೀಟರ್ ಇದ್ದರೂ ಅಪಾಯ ತಪ್ಪಿದ್ದಲ್ಲ: ರಾತ್ರಿ ಹಿಮ ಬಿದ್ದು, ಅಥವಾ ಹಿಮ ತೆಗೆಯುವ ಯಂತ್ರ ಪಕ್ಕಕ್ಕೆ ರಾಶಿ ತಳ್ಳಿ, ಹೀಟರಿನ ಹೊಗೆಕೊಳವೆ ಮುಚ್ಚಿಹೋಗಬಹುದು. ಆ ಕೊಳವೆ ಎಲ್ಲಿದೆ ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ, ಮಲಗುವ ಮೊದಲು ಸುತ್ತಲಿನ ಹಿಮ ಕೆರೆಯಿರಿ, ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಹಾಕಿಡಿ. ನೆಲದಲ್ಲೂ ಛಾವಣಿಯಲ್ಲೂ ಇರುವ ಕಾಯಂ ಗಾಳಿತೂತುಗಳನ್ನು ಥಂಡಿ ಬರುತ್ತದೆ ಅಂತ ಬಟ್ಟೆ ತುರುಕಿ ಮುಚ್ಚಬೇಡಿ.

ನಲ್ಲಿ ನೀರು. ಟ್ರೂಮಾ ಕಂಪನಿಯ, ನೀರು ಕಾಯಿಸುವ ಬಾಯ್ಲರ್ ಇರುವ ವ್ಯಾನುಗಳಲ್ಲಿ ಒಂದು ಸುರಕ್ಷಾ ವಾಲ್ವ್ ಇರುತ್ತದೆ. ಅದರ ಸುತ್ತ 3 ಡಿಗ್ರಿಗೆ ಇಳಿದರೆ ತಾನೇ ತೆರೆದು ಬಾಯ್ಲರಿನ ನೀರನ್ನೆಲ್ಲ ನೆಲಕ್ಕೆ ಸುರಿಯುತ್ತದೆ, ಟ್ಯಾಂಕ್ ಒಡೆಯದಿರಲಿ ಅಂತ. ಹೊಸಬರು ‘ಸೋರುತ್ತಿದೆ’ ಅಂತ ಗಾಬರಿಯಾಗುತ್ತಾರೆ. ಅದು ಸೋರಿಕೆಯಲ್ಲ, ಉಪಕಾರ. ಆ ಜಾಗ 7 ಡಿಗ್ರಿಗೆ ಬರುವ ತನಕ ವಾಲ್ವ್ ಮುಚ್ಚಲು ಆಗುವುದಿಲ್ಲ, ಮೊದಲು ಹೀಟರ್ ಹಾಕಿ. ಕೊಳೆನೀರಿಗೆ ಹಳ್ಳಿ ಉಪಾಯವೇ ಉಪಾಯ: ಕೆಳಗಿನ ನಲ್ಲಿಯನ್ನು ತೆರೆದೇ ಇಟ್ಟು ಅಡಿಗೊಂದು ಬಕೆಟ್. ಬಕೆಟಿನಲ್ಲಿ ಹೆಪ್ಪುಗಟ್ಟಿದರೆ ಗಡ್ಡೆಯನ್ನೇ ಹೊತ್ತು ಸುರಿಯುವ ಜಾಗಕ್ಕೆ ಒಯ್ಯಬಹುದು. ಟ್ಯಾಂಕಿನಲ್ಲಿ ಹೆಪ್ಪುಗಟ್ಟಿದರೆ ಏನೂ ಮಾಡಲಾಗದು. ಹಿಮದ ಮೇಲೆ ಸುರಿಯಬೇಡಿ, ದಂಡವೂ ಬೀಳುತ್ತದೆ, ಮರ್ಯಾದೆಯೂ ಹೋಗುತ್ತದೆ.

ಕರೆಂಟಿನದು ಬೇಗ ಮುಗಿಸುತ್ತೇನೆ. ಸೋಲಾರ್ ಫಲಕವನ್ನು ಮರೆತುಬಿಡಿ, ಡಿಸೆಂಬರಿನಲ್ಲಿ ಸೂರ್ಯ ಕೆಳಗೆ, ಫಲಕದ ಮೇಲೆ ಹಿಮ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲೋಹ ಕಟ್ಟಿ ಬ್ಯಾಟರಿ ಹಾಳಾಗುತ್ತದೆ. ಒಳ್ಳೆಯವು ತಾವೇ ಚಾರ್ಜ್ ನಿಲ್ಲಿಸುತ್ತವೆ. ಹೀಟರಿನ ಫ್ಯಾನಿಗೆ ಸರಾಸರಿ ಒಂದೂವರೆ ಆಂಪಿಯರ್ ಅಂದರೂ ದಿನಕ್ಕೆ 36 ಆಂಪಿಯರ್-ಅವರ್ ಬೇಕು, 100ರ ಸೀಸದ ಬ್ಯಾಟರಿಯಲ್ಲಿ ಬಳಸಬಹುದಾದ್ದು 50. ಎರಡನೇ ರಾತ್ರಿಗೆ ಕತ್ತಲೆ. ಆದ್ದರಿಂದ ಕರೆಂಟು ಕೊಡುವ ಚಳಿಗಾಲದ ಕ್ಯಾಂಪಿಂಗ್ ತಾಣದಲ್ಲೇ ನಿಲ್ಲಿ. ಅಲ್ಲಿ ಕೆಲವು ಕಡೆ 6 ಆಂಪಿಯರ್ ಮಾತ್ರ, ಅಂದರೆ ಸುಮಾರು 1,400 ವ್ಯಾಟ್. ಊರಿಂದ ತಂದ 2,000 ವ್ಯಾಟಿನ ಇಂಡಕ್ಷನ್ ಒಲೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಕೇಬಲನ್ನು ನೆಲದ ಮೇಲೆ ಬಿಡದೆ ಎತ್ತರಕ್ಕೆ ಕಟ್ಟಿ, ಇಲ್ಲವೆಂದರೆ ಹೊರಡುವ ದಿನ ಮಂಜುಗಡ್ಡೆಯೊಳಗಿಂದ ಕೆತ್ತಿ ತೆಗೆಯಬೇಕು.

ಎಲ್ಲೆಂದರಲ್ಲಿ ವ್ಯಾನ್ ನಿಲ್ಲಿಸಿ ಮಲಗಬಹುದಾ ಅನ್ನುವುದು ಎಲ್ಲರ ಪ್ರಶ್ನೆ. ಜರ್ಮನಿಯಲ್ಲಿ ದಣಿವಾರಿಸಿಕೊಳ್ಳಲು ಒಂದು ರಾತ್ರಿ ಮಲಗಲು ಅವಕಾಶ ಇದೆ. ಆಸ್ಟ್ರಿಯಾದ ಟಿರೋಲ್‌ನಲ್ಲಿ ಕ್ಯಾಂಪಿಂಗ್ ತಾಣದ ಹೊರಗೆ ನಿಷೇಧ. ಸ್ವಿಟ್ಜರ್ಲೆಂಡಿನಲ್ಲಿ ಊರಿಗೊಂದು ನಿಯಮ. ಅಲ್ಲಿನ ಸ್ಕೀ ಊರಾದ ಜೆರ್ಮಾಟ್‌ಗೆ ಕಾರುಗಳಿಗೇ ಪ್ರವೇಶವಿಲ್ಲ, ಟ್ಯಾಶ್ ಊರಿನಲ್ಲಿ ವಾಹನ ಬಿಟ್ಟು ರೈಲು ಹತ್ತಬೇಕು.

ರಸ್ತೆಗೆ ಬರೋಣ. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಹಿಮದ ರಸ್ತೆಗೆ ಈ ಗುರುತಿನ ಟೈರ್ ಮಾತ್ರ ನಡೆಯುತ್ತದೆ, ಹಳೆಯ ‘ಎಂ ಪ್ಲಸ್ ಎಸ್’ (ಕೆಸರು, ಹಿಮ) ಗುರುತು ಸಾಲದು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮವಿದ್ದರೆ ಚಳಿಗಾಲದ ಟೈರ್ ಕಡ್ಡಾಯ, ಅದರ ಹಲ್ಲು ಕನಿಷ್ಠ 4 ಮಿಲಿಮೀಟರ್ ಇರಬೇಕು.

ಹಿಮದಲ್ಲಿ ಹಿಡಿತ ಸಿಗಲಿ ಅಂತ ಚಕ್ರಕ್ಕೆ ಚೈನ್ ಕಟ್ಟುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಜನ ಹೆಚ್ಚು ಎಡವುವುದು ಅಲ್ಲೇ. ಮೊದಲು ಒಣ ನೆಲದಲ್ಲಿ ಎರಡು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಎಂಜಿನ್ ಯಾವ ಚಕ್ರ ತಿರುಗಿಸುತ್ತದೋ ಅದಕ್ಕೆ ಕಟ್ಟಬೇಕು: ಫಿಯಟ್ ಡುಕಾಟೊ ಆದರೆ ಮುಂದಿನದಕ್ಕೆ, ಹಿಂದಿನ ಚಕ್ರ ತಳ್ಳುವ ವ್ಯಾನ್ ಆದರೆ ಹಿಂದಿನದಕ್ಕೆ. ಮೊಣಕಾಲಿಗೆ ಒಂದು ಚಾಪೆ, ರಬ್ಬರ್ ಕೈಗವಸು, ತಲೆಗೆ ಕಟ್ಟುವ ಟಾರ್ಚ್. ಚೈನಿನ ಗಂಟು ಬಿಡಿಸಿ, ಬಣ್ಣದ ಬಾಗುವ ಬಳೆಯನ್ನು ಚಕ್ರದ ಹಿಂದೆ ತೂರಿಸಿ. ಎರಡೂ ತುದಿ ಎತ್ತಿ ಮೇಲೆ ಕೊಕ್ಕೆ ಹಾಕಿ, ಬಳೆಯನ್ನು ಟೈರಿನ ಒಳಬದಿಗೆ ದಾಟಿಸಿ. ಮುಂಬದಿಯ ಕೊಕ್ಕೆ ಸಿಕ್ಕಿಸಿ, ಕೆಳಗಿನ ಎಳೆ ಜಗ್ಗಿ ಬಿಗಿ ಮಾಡಿ, ಉಳಿದ ತುದಿ ಸಿಕ್ಕಿಸಿ. ಐವತ್ತು ನೂರು ಮೀಟರ್ ಓಡಿಸಿ ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿಯನ್ನು ಬಿಟ್ಟವರ ಚೈನೇ ಸಡಿಲವಾಗಿ ಬ್ರೇಕ್ ಪೈಪಿಗೆ ಹೊಡೆಯುವುದು. ವೇಗ 50 ಕಿ.ಮೀ. ಮೀರಬಾರದು. ಚಕ್ರ ಜಾರಿದ ಮೇಲೆ ಏರಿನ ನಡುವೆ ಕಟ್ಟಲು ಕೂರಬೇಡಿ; ಏರಿನ ಬುಡದಲ್ಲಿ ಅದಕ್ಕೆಂದೇ ಸಮತಟ್ಟು ಜಾಗ ಬಿಟ್ಟಿರುತ್ತಾರೆ. ಬರಿ ಡಾಂಬರು ಕಂಡ ಕೂಡಲೇ ಬಿಚ್ಚಿ.

ಇಳಿಜಾರಿಗೆ ಆಗುಂಬೆ ಘಾಟಿಯ ಪಾಠವೇ ಪಾಠ. ಹದಿನಾಲ್ಕು ಹೇರ್‌ಪಿನ್ ತಿರುವನ್ನು ಚಿಕ್ಕ ಗೇರಿನಲ್ಲಿ ಇಳಿಸಿ ಗೊತ್ತಿದ್ದವರಿಗೆ ಹೊಸದಾಗಿ ಕಲಿಯಲು ಇರುವುದು ಒಂದೇ: ಬ್ರೇಕನ್ನು ತಿರುವಿನೊಳಗೆ ಒತ್ತದೆ ತಿರುವಿಗೆ ಬಹಳ ಮೊದಲೇ ಮುಗಿಸುವುದು.

ಚಳಿಗಾಲದಲ್ಲಿ ನಕ್ಷೆಯೇ ಬೇರೆ. ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್, ಸ್ಟೆಲ್ವಿಯೊ, ಗ್ರೋಸ್‌ಗ್ಲಾಕ್ನರ್ ಕಣಿವೆರಸ್ತೆಗಳು ಹಿಮದಡಿ ಮುಚ್ಚಿರುತ್ತವೆ. ಉದಾಹರಣೆಗೆ ಇನ್ಸ್‌ಬ್ರುಕ್, ಸೇಂಟ್ ಆಂಟನ್, ಕ್ಲೋಸ್ಟರ್ಸ್, ಸೇಂಟ್ ಮೊರಿಟ್ಜ್ ಅಂತ ದಾರಿ ಹಾಕಿಕೊಳ್ಳಿ. ಸೇಂಟ್ ಆಂಟನ್‌ನಿಂದ ಪಶ್ಚಿಮಕ್ಕೆ ಆರ್ಲ್‌ಬರ್ಗ್ ಸುರಂಗ, ಸುಮಾರು 14 ಕಿ.ಮೀ., ಹೆದ್ದಾರಿ ಬಳಸಲು ಮೊದಲೇ ಕೊಳ್ಳುವ ಚೀಟಿ ಇದ್ದರೂ ಇದರ ಟೋಲ್ ಬೇರೆ ಕಟ್ಟಬೇಕು. ಕ್ಲೋಸ್ಟರ್ಸ್‌ನಿಂದ, ಸೇಂಟ್ ಮೊರಿಟ್ಜ್ ಇರುವ ಎಂಗಾಡಿನ್ ಕಣಿವೆಗೆ ವ್ಯಾನ್ ಸಮೇತ ರೈಲು ಹತ್ತುವುದು: 1999ರಲ್ಲಿ ತೆರೆದ 19 ಕಿ.ಮೀ. ವೆರೈನಾ ಸುರಂಗ, ವ್ಯಾನಿನಲ್ಲೇ ಕೂತು ಇಪ್ಪತ್ತು ನಿಮಿಷದೊಳಗೆ ಆಚೆ ಬದಿ. ವ್ಯಾನಿನ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಬರೆದು ಮುಂದೆ ಅಂಟಿಸಿಕೊಳ್ಳಿ, ರೈಲಿನವರು ಅದನ್ನೇ ಕೇಳುವುದು. ಹೊರಡುವ ದಿನ ಶನಿವಾರ ಆಗದಿರಲಿ. ಸ್ಕೀ ಊರಿನ ಹೋಟೆಲುಗಳಲ್ಲಿ ವಾರದ ಬಾಡಿಗೆ ಶನಿವಾರದಿಂದ ಶನಿವಾರಕ್ಕೆ, ಇಡೀ ಕಣಿವೆ ಒಮ್ಮೆಗೇ ಖಾಲಿಯಾಗಿ ಒಮ್ಮೆಗೇ ತುಂಬುತ್ತದೆ. ಆಗಸ್ಟ್ ಭಾನುವಾರದ ಜೋಗ ನೆನಪಿಸಿಕೊಳ್ಳಿ. ಮಂಗಳವಾರ, ಬುಧವಾರ ಹೊರಟರೆ ರಸ್ತೆ ನಿಮ್ಮದೇ.

ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗೆ ದಿನವೂ ಪ್ರಕಟಿಸುತ್ತಾರೆ. 4 ಇದ್ದ ದಿನ ಊರು ಬದಲಿಸಬೇಡಿ. 1999ರ ಫೆಬ್ರವರಿಯಲ್ಲಿ ಆಸ್ಟ್ರಿಯಾದ ಗಾಲ್ಟ್ಯೂರ್ ಹಳ್ಳಿಯ ಮೇಲೆ ಹಿಮ ಕುಸಿದು 31 ಜನ ಸತ್ತರು. ಅದಕ್ಕೆ ದಿನಗಟ್ಟಲೆ ಮೊದಲೇ ಕಣಿವೆಯ ರಸ್ತೆ ಮುಚ್ಚಿತ್ತು. ಎರಡು ದಿನಕ್ಕಾಗುವಷ್ಟು ಊಟ, ಗ್ಯಾಸು ಯಾವಾಗಲೂ ಜಾಸ್ತಿ ಇರಲಿ.

ಬೆಳಿಗ್ಗೆ ಹೊರಡುವ ಮೊದಲು ಛಾವಣಿ ಗುಡಿಸಬೇಕು. 6 ಮೀಟರ್ ಉದ್ದ, 2 ಮೀಟರ್ ಅಗಲದ ಛಾವಣಿಯ ಮೇಲೆ 30 ಸೆಂಟಿಮೀಟರ್ ಹೊಸ ಹಿಮ ಅಂದರೆ 3.6 ಘನ ಮೀಟರ್. ಘನ ಮೀಟರಿಗೆ ನೂರು ಕಿಲೋ ಹಿಡಿದರೂ 360 ಕಿಲೋ, ಐದಾರು ಜನ ಛಾವಣಿಯ ಮೇಲೆ ಕೂತ ಹಾಗೆ. ಹಾಗೇ ಹೊರಟರೆ ಹೆದ್ದಾರಿಯಲ್ಲಿ ಗಡ್ಡೆ ಹಾರಿ ಹಿಂದಿನವರ ಗಾಜಿಗೆ ಬೀಳುತ್ತದೆ. ಉದ್ದ ಹಿಡಿಯ ಮೆತ್ತನೆ ಪೊರಕೆ, ಒಂದು ಮಡಚುವ ಏಣಿ ಸಾಕು. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆ ಬ್ರೇಕ್ ಪಟ್ಟಿ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ವೈಪರ್ ಎತ್ತಿಡಿ. ಬಾಗಿಲಿನ ರಬ್ಬರಿಗೆ ಗ್ಲಿಸರಿನ್ ಸವರಿ. ಡೀಸೆಲ್ ಹೊಗೆಯನ್ನು ಶುದ್ಧ ಮಾಡಲು ಹಾಕುವ ಆ್ಯಡ್‌ಬ್ಲೂ ದ್ರವ ಮೈನಸ್ 11ಕ್ಕೆ ಗಟ್ಟಿಯಾಗುತ್ತದೆ. ಟ್ಯಾಂಕಿನಲ್ಲಿ ಅದಕ್ಕೆ ಹೀಟರ್ ಇರುತ್ತದೆ, ಡಬ್ಬಿಯಲ್ಲಿ ತಂದಿಟ್ಟದ್ದಕ್ಕೆ ಇರುವುದಿಲ್ಲ, ಡಬ್ಬಿಯನ್ನು ಒಳಗಿಡಿ.

ಸಭೆಯಿಂದ ಒಂದು ಪ್ರಶ್ನೆ ಬಂದಿದೆ: ಕೆಎ-14 ನಂಬರಿನ ನಮ್ಮದೇ ವ್ಯಾನನ್ನು ಓಡಿಸಿಕೊಂಡು ಗುಲ್ಮಾರ್ಗ್‌ಗೆ ಹೋಗಬಹುದಾ ಅಂತ. ಹೋಗಬಹುದು. ಗುಲ್ಮಾರ್ಗ್ ಇರುವುದು 2,650 ಮೀಟರ್ ಎತ್ತರದಲ್ಲಿ. ಟಂಗ್‌ಮಾರ್ಗ್‌ನಿಂದ ಮೇಲಿನ 13 ಕಿ.ಮೀ. ಏರಿಗೆ ಹಿಮ ಬಿದ್ದಾಗ ಚೈನ್ ಬೇಕೇ ಬೇಕು. ಆದರೆ ಮೊದಲು ಕೈಕೊಡುವುದು ಡೀಸೆಲ್. ಡೀಸೆಲ್ಲಿನಲ್ಲಿ ಮೇಣದ ಅಂಶ ಇದೆ, ತಣ್ಣಗಾದರೆ ಅದು ಹರಳಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ತೆಂಗಿನೆಣ್ಣೆ ಡಿಸೆಂಬರಿನಲ್ಲಿ ಗಟ್ಟಿಯಾಗುವ ಹಾಗೆಯೇ. ಭಾರತೀಯ ಮಾನದಂಡದ ಪ್ರಕಾರ ಬೇಸಿಗೆಯ ಡೀಸೆಲ್ 18 ಡಿಗ್ರಿ, ಚಳಿಗಾಲದ್ದು 6 ಡಿಗ್ರಿಯವರೆಗೆ ಫಿಲ್ಟರ್ ಕಟ್ಟದೆ ಹರಿದರೆ ಸಾಕು. ಜರ್ಮನಿಯ ಬಂಕಿನಲ್ಲಿ ಚಳಿಗಾಲಕ್ಕೆ ಮೈನಸ್ 20ರವರೆಗಿನದು ಸಿಗುತ್ತದೆ. ನಮ್ಮಲ್ಲೂ 2019ರಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದು ಮೈನಸ್ 33ರಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಹಾಗಾಗಿ ಬಯಲುಸೀಮೆಯ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬೆಟ್ಟ ಹತ್ತಬೇಡಿ. ಕಾಲು ಟ್ಯಾಂಕಿಗೆ ಇಳಿಸಿಕೊಂಡು, ಚಳಿಪ್ರದೇಶದ ಬಂಕಿನಲ್ಲಿ ಕೇಳಿ ತುಂಬಿಸಿ. ಸೀಮೆಎಣ್ಣೆ ಬೆರೆಸುವ ಲಾರಿ ಡ್ರೈವರರ ಹಳೆಯ ಉಪಾಯ ಈಗಿನ ಕಾಮನ್ ರೈಲ್ ಎಂಜಿನ್ನಿಗೆ ಬೇಡ, ಡೀಸೆಲ್ಲಿನ ಜಿಡ್ಡು ಕಡಿಮೆಯಾಗಿ ಪಂಪ್ ಸವೆಯುತ್ತದೆ. ತುಂಬಿಸಿದ ಕೂಡಲೇ ರಾತ್ರಿಗೆ ನಿಲ್ಲಿಸಿಬಿಡಬೇಡಿ. ಹತ್ತಿಪ್ಪತ್ತು ಕಿ.ಮೀ. ಓಡಿಸಿ ಆಮೇಲೆ ನಿಲ್ಲಿಸಿ, ಹೊಸ ಡೀಸೆಲ್ ಫಿಲ್ಟರಿನ ತನಕ ಬರಬೇಕಲ್ಲ.